ಖುಲಾಸೆ ಆದ್ರೆ ಎಲ್ಲಾ ಖಲಾಸ್ ಆದಂಗಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪದದ ಸುತ್ತ ಇದ್ವು, ಹಾಗಾಗಿ ಪೋಡಿ, ಪಾಲು, ಖಾತೆ ವಿಚಾರ ಕೇಳಿದವರನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿ ಇಡೀ ಪುಟ 'ಖುಲಾಸೆ'ಗೇ ಬಿಟ್ಟಿದೀನಿ. ಬೈಕೋಬೇಡಿ.

ಪೇಪರ್‌ನಲ್ಲಿ ಒಂದಿನ ಖುಲಾಸೆ ಅಂತಾರೆ, ಇನ್ನೊಂದಿನ ದೋಷಮುಕ್ತ, ಮತ್ತೊಂದಿನ ಆರೋಪಮುಕ್ತ, ಟೀವಿಯವ್ರು ಕ್ಲೀನ್ ಚಿಟ್ ಅಂತ ಕೂಗ್ತಾರೆ. ಎಲ್ಲಾ ಒಂದೇನಾ ಸಾರ್? - ಓದುಗರು, ಅರಕಲಗೂಡು

ಒಂದೇ ಅಲ್ಲ, ಆದ್ರೆ ಬರೆಯೋರು ಒಂದೇ ಥರ ಬರೀತಾರೆ, ತೊಂದ್ರೆ ಅಲ್ಲೇ ಇರೋದು. ಒಂದು ಕ್ರಿಮಿನಲ್ ಕೇಸನ್ನ ಬಸ್ ರೂಟ್ ಅನ್ಕೊಳ್ಳಿ, ಆರೋಪಿ ಯಾವ ಸ್ಟಾಪಲ್ಲಿ ಇಳಿದ ಅನ್ನೋದ್ರ ಮೇಲೆ ಹೆಸರು ಬದಲಾಗುತ್ತೆ. ಮೊದಲ್ನೇ ಸ್ಟಾಪು ಪೊಲೀಸ್ ಸ್ಟೇಷನ್. ತನಿಖೆ ಮಾಡಿ 'ಇದರಲ್ಲಿ ಹುರುಳಿಲ್ಲ' ಅಂತ ಪೊಲೀಸರು ಕೋರ್ಟಿಗೆ ಬರೆದ್ರೆ ನಮ್ಮ ಕರ್ನಾಟಕದಲ್ಲಿ ಅದಕ್ಕೆ ಬಿ ರಿಪೋರ್ಟ್ ಅಂತೀವಿ (ಯಾರು ಮಾಡಿದ್ದು ಅಂತಾನೇ ಪತ್ತೆ ಆಗ್ಲಿಲ್ಲ ಅಂದ್ರೆ ಸಿ ರಿಪೋರ್ಟ್). 2025ರ ಫೆಬ್ರವರಿಯಲ್ಲಿ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಸೈಟು ಕೇಸಲ್ಲಿ ಲೋಕಾಯುಕ್ತ ಪೊಲೀಸರು ಬಿ ರಿಪೋರ್ಟ್ ಹಾಕಿದಾಗ ಎಲ್ಲಾ ಚಾನೆಲ್ಲಲ್ಲೂ 'ಕ್ಲೀನ್ ಚಿಟ್' ಅಂತ ಓಡ್ತು, ನೆನಪಿದೆಯಲ್ಲ. ಕ್ಲೀನ್ ಚಿಟ್ ಅನ್ನೋ ಪದ ಯಾವ ಕಾನೂನು ಪುಸ್ತಕದಲ್ಲೂ ಇಲ್ಲ. ಅದು ಪೊಲೀಸರ ಅಭಿಪ್ರಾಯ ಅಷ್ಟೇ, ಕೋರ್ಟು ಒಪ್ಪಬಹುದು, ಬಿಡಬಹುದು, ದೂರು ಕೊಟ್ಟವರು ತಕರಾರು ಅರ್ಜಿ ಹಾಕಬಹುದು. ಮುಡಾ ಕೇಸಲ್ಲೂ ದೂರುದಾರರು ತಕರಾರು ತೆಗೆದೇ ತೆಗೆದ್ರು.

ಎರಡನೇ ಸ್ಟಾಪು ಡಿಸ್ಚಾರ್ಜ್. ಚಾರ್ಜ್‌ಶೀಟ್ ಬಂದಿದೆ, ಜಡ್ಜು ಅದನ್ನ ಓದಿ 'ಇದನ್ನ ಇದ್ದದ್ದು ಇದ್ದಂಗೆ ನಂಬಿದ್ರೂ ವಿಚಾರಣೆ ಮಾಡೋಕೆ ಏನೂ ಇಲ್ಲ' ಅಂತ ಶುರುವಲ್ಲೇ ಕಳಿಸಿಬಿಡೋದು. 'ಕೇಸಿಂದ ಕೈಬಿಡಲು ಕೋರಿ ಅರ್ಜಿ' ಅಂತ ಪೇಪರಲ್ಲಿ ಬರುತ್ತಲ್ಲ, ಅದು ಇದೇ. ಆರೋಪಮುಕ್ತ ಅನ್ನೋ ಪದಕ್ಕೆ ಸರಿಯಾದ ಜಾಗ ಇಲ್ಲಿ. ಇದ್ರಲ್ಲೊಂದು ಮುಳ್ಳಿದೆ. ಡಿಸ್ಚಾರ್ಜ್ ಖುಲಾಸೆ ಅಲ್ಲ ಅಂತ ಕಾನೂನೇ ಬಾಯ್ಬಿಟ್ಟು ಹೇಳುತ್ತೆ, ನಾಳೆ ಹೊಸ ಸಾಕ್ಷಿ ಸಿಕ್ಕಿದ್ರೆ ವಾಪಸ್ ಎಳ್ಕೊಂಡು ಬರಬಹುದು.

ಮೂರನೇದು, ಕೊನೇ ಸ್ಟಾಪು, ಖುಲಾಸೆ. ದೋಷಾರೋಪ ಹೊರಿಸಿ, ಸಾಕ್ಷಿ ಹೇಳಿಸಿ, ಪಾಟೀ ಸವಾಲು ಮುಗಿಸಿ, ಆಮೇಲೆ ಜಡ್ಜು 'ಸಾಬೀತಾಗಿಲ್ಲ' ಅಂತ ತೀರ್ಪು ಕೊಡೋದು. ದೋಷಮುಕ್ತ ಅಂದ್ರೂ ಇದೇ. ಹೀಗೆ ಖುಲಾಸೆ ಆದವನ ಮೇಲೆ ಅದೇ ಅಪರಾಧಕ್ಕೆ ಇನ್ನೊಂದು ಕೇಸು ಹಾಕೋಹಾಗಿಲ್ಲ, ಮೇಲ್ಮನವಿ ಬೇರೆ ವಿಚಾರ.

ಇಷ್ಟೇ ಆಗಿದ್ರೆ ಸಲೀಸಾಗಿತ್ತು, ಆದ್ರೆ ಒಬ್ಬ ಸಾಕ್ಷಿ ಕೂಡ ಬಾಯಿ ಬಿಡದೇನೇ ಖುಲಾಸೆ ಆಗೋ ದಾರಿಗಳೂ ಇದಾವೆ. ಚೆಕ್ ಬೌನ್ಸ್ ಕೇಸಲ್ಲಿ ದೂರುದಾರನೇ ಡೇಟಿಗೆ ಬರ್ಲಿಲ್ಲ ಅನ್ಕೊಳ್ಳಿ, ಆರೋಪಿ ಖುಲಾಸೆ ಆಗಬಹುದು. ಅಕ್ಕಪಕ್ಕದವರು ಹೊಡೆದಾಡ್ಕೊಂಡು ಆಮೇಲೆ ಊರ ಹಿರೀಕರು ಕೂತು ರಾಜಿ ಮಾಡಿಸಿದ್ರು, ರಾಜಿಯಾಗಬಲ್ಲ ಕೇಸಾದ್ರೆ ಅದೂ ಖುಲಾಸೆ. ಸರ್ಕಾರಿ ವಕೀಲರು ಕೋರ್ಟಿನ ಒಪ್ಪಿಗೆ ತಗೊಂಡು ಕೇಸು ವಾಪಸ್ ತಗೊಂಡ್ರೆ, ಆ ಹೊತ್ತಿಗೆ ದೋಷಾರೋಪ ಹೊರಿಸಿ ಆಗಿದ್ರೆ, ಅದೂ ಖುಲಾಸೆನೇ. ಹಾಗಾಗಿ ಯಾರಾದ್ರೂ ಕಾಲರ್ ಎತ್ಕೊಂಡು 'ನಾನು ಖುಲಾಸೆ ಆದವನು' ಅಂದ್ರೆ 'ಹೇಗೆ ಆದ್ರಿ' ಅಂತ ಕೇಳೋದು ತಪ್ಪಲ್ಲ.

ನಮ್ಮ ಕಡೆ ಮರಾಠಿಯವ್ರು ಖುಲಾಸಾ ಅಂದ್ರ ವಿವರಣೆ ಅಂತಾರ್ರೀ. ಹಿಂದಿ ನ್ಯೂಸ್‌ನ್ಯಾಗ ದಿನಾ ಬಡಾ ಖುಲಾಸಾ, ಬಡಾ ಖುಲಾಸಾ. ಕನ್ನಡದಾಗ ಮಾತ್ರ ಹೆಂಗ ಬಿಡುಗಡಿ ಆತು? - ಓದುಗರು, ಚಿಕ್ಕೋಡಿ

ಇಂಥ ಪ್ರಶ್ನೆ ಬಂದ್ರೆ ನನಗೆ ಖುಷಿ, ಕೇಸು ಗೀಸು ಆಮೇಲೆ. ಪದದ ಮೂಲ ಅರಬ್ಬಿ, ಪಾರ್ಸಿ ದಾಟಿ ನಮ್ಮ ಕಚೇರಿಗಳಿಗೆ ಬಂತು. ಆ ಬೇರಿಗೆ ಅಪ್ಪಟ, ಶುದ್ಧ, ಬಿಡಿಸಿಕೊಂಡದ್ದು ಅನ್ನೋ ಅರ್ಥಗಳಿವೆ. ಸಿಖ್ಖರ ಖಾಲ್ಸಾ ಕೂಡ ಅದೇ ಬೇರಿನ ಚಿಗುರು, ನಾವು 'ದುಡ್ಡೆಲ್ಲಾ ಖಲಾಸ್' ಅಂತೀವಲ್ಲ ಅದೂ ಅದೇ. ಹಾಲು ಕಾಯಿಸಿ ಕಾಯಿಸಿ ಗಟ್ಟಿ ಮಾಡಿದಂಗೆ ಒಂದು ವಿಷಯದ ಸಾರ ತೆಗೆದ್ರೆ ಅದು ಉರ್ದುವಿನ ಖುಲಾಸಾ, ಅಂದ್ರೆ ಸಾರಾಂಶ. ಸಾರಾಂಶ ಹೇಳ್ತಾ ಹೇಳ್ತಾ ಮರಾಠಿಯಲ್ಲಿ ವಿವರಣೆ ಆಯ್ತು. ಹಿಂದಿಯವ್ರು ಖುಲ್‌ನಾ, ಅಂದ್ರೆ ತೆರೆಯೋದು, ಅದರ ಜೊತೆ ಗಂಟು ಹಾಕಿ ಗುಟ್ಟು ಬಯಲಾಗೋದಕ್ಕೆ ಬಳಸ್ತಾರೆ. ನಾವು ಮಾತ್ರ ಬಿಡಿಸಿಕೊಳ್ಳೋದು ಅನ್ನೋ ಹಳೇ ಅರ್ಥವನ್ನೇ ಹಿಡ್ಕೊಂಡು ಕೂತ್ವಿ. ವಕೀಲ, ಅರ್ಜಿ, ಜಾಮೀನು, ಫಿರ್ಯಾದಿ, ಜಪ್ತಿ, ಅಮೀನ, ರಾಜಿ, ಕೈದಿ ಎಲ್ಲಾ ಅದೇ ಮೆರವಣಿಗೆಯಲ್ಲಿ ಬಂದವು. ಕೋರ್ಟಲ್ಲಿ ಅಚ್ಚಗನ್ನಡದಲ್ಲೇ ಮಾತಾಡ್ತೀನಿ ಅಂತ ಹೊರಟ್ರೆ 'ವಕೀಲ್ರೇ' ಅಂತ ಕರೆಯೋಕೂ ಆಗಲ್ಲ ನೋಡಿ.

ನನ್ನ ಸೀನಿಯರ್ ಒಬ್ರು ಕಕ್ಷಿದಾರರಿಗೆ ಹೇಳ್ತಿದ್ರು, 'ಖುಲಾಸೆ ಮಾಡಿಸ್ತೀನಪ್ಪ, ಆದ್ರೆ ಅಷ್ಟೊತ್ತಿಗೆ ನಿನ್ನ ಜೇಬು ಖಲಾಸ್ ಆಗಿರುತ್ತೆ' ಅಂತ. ಎರಡೂ ಒಂದೇ ಬೇರು ಅಂತ ಪುಣ್ಯಾತ್ಮರಿಗೆ ಗೊತ್ತಿರ್ಲಿಲ್ಲ ಅನ್ಸುತ್ತೆ.

ನನ್ನ ತಮ್ಮನ ಮೇಲೆ ಕಾಲೇಜಲ್ಲಿದ್ದಾಗ ಹೊಡೆದಾಟದ ಕೇಸಿತ್ತು. ಮೂರು ವರ್ಷ ಆದ್ಮೇಲೆ 'ಸಂಶಯದ ಲಾಭ ನೀಡಿ' ಖುಲಾಸೆ ಆಯ್ತು. ಈಗ ಸರ್ಕಾರಿ ಕೆಲಸಕ್ಕೆ ಸೆಲೆಕ್ಟ್ ಆಗಿದಾನೆ, ಫಾರಂನಲ್ಲಿ 'ನಿಮ್ಮ ಮೇಲೆ ಎಂದಾದರೂ ಕೇಸು ಇತ್ತೇ' ಅಂತ ಇದೆ. ಖುಲಾಸೆ ಆಗಿದ್ಯಲ್ಲ, ಇಲ್ಲ ಅಂತ ಬರೆಯೋಣ ಅಂತಾರೆ ನಮ್ಮ ಮಾವ. - ಹೆಸರು ಬೇಡ, ಶಿರಸಿ ತಾಲೂಕು

ಮಾವನ ಮಾತು ಕೇಳಬೇಡಿ, ದಯವಿಟ್ಟು. 'ಎಂದಾದರೂ' ಅಂತ ಕೇಳಿದಾರೆ, 'ಈಗ' ಅಂತಲ್ಲ. ಹೌದು ಅಂತ ಬರೆದು, ಕೇಸ್ ನಂಬರು, ಕೋರ್ಟು, ತೀರ್ಪಿನ ದಿನಾಂಕ ಹಾಕಿ, ತೀರ್ಪಿನ ನಕಲು ಲಗತ್ತಿಸಿ. 2016ರಲ್ಲಿ ಅವತಾರ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟು ಈ ವಿಚಾರವನ್ನ ಪೂರ್ತಿ ಹರಡಿಕೊಂಡು ನೋಡಿದೆ. ಮುಚ್ಚಿಟ್ರೆ ಅದೇ ಒಂದು ತಪ್ಪಾಗಿ ಕೆಲಸ ಹೋಗಬಹುದು, ಹೇಳ್ಕೊಂಡ್ರೆ ಇಲಾಖೆಯವರು ಆರೋಪ ಎಂಥದು, ಹೇಗೆ ಖುಲಾಸೆ ಆಯ್ತು ಅಂತ ನೋಡಿ ತೀರ್ಮಾನ ಮಾಡಬೇಕು. ಹುಡುಗುಬುದ್ಧಿಯ ಸಣ್ಣಪುಟ್ಟ ಕೇಸನ್ನ ದೊಡ್ಡದು ಮಾಡಬೇಕಾಗಿಲ್ಲ ಅನ್ನೋ ಧಾಟಿ ಕೂಡ ಆ ತೀರ್ಪಲ್ಲಿದೆ.

ಇನ್ನು 'ಸಂಶಯದ ಲಾಭ' ಅನ್ನೋ ಆ ಎರಡು ಪದ. ಹಿಂದಿ ಸಿನಿಮಾದಲ್ಲಿ ಜಡ್ಜು 'ಬಾ ಇಜ್ಜತ್ ಬರೀ' ಅಂತ ಸುತ್ತಿಗೆ ಬಡೀತಾರಲ್ಲ, ಅಂಥ ಗೌರವಪೂರ್ವಕ ಖುಲಾಸೆ ಅನ್ನೋ ವರ್ಗ ನಮ್ಮ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇರ್ಲೇ ಇಲ್ಲ, 2024ರ ಜುಲೈ 1ರಿಂದ ಬಂದಿರೋ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇಲ್ಲ (ಸುತ್ತಿಗೆನೂ ಇಲ್ಲ, ಇಷ್ಟು ವರ್ಷದಲ್ಲಿ ನಾನಂತೂ ನೋಡಿಲ್ಲ). ಅದು ಕೋರ್ಟುಗಳು ನೌಕರಿ ತಗಾದೆ ಬಗೆಹರಿಸೋವಾಗ ತಾವೇ ಹುಟ್ಟುಹಾಕಿದ ಮಾತು. 2012ರಲ್ಲಿ ತಮಿಳುನಾಡಿನ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್ ಕೇಸು ಸುಪ್ರೀಂ ಕೋರ್ಟಿಗೆ ಬಂತು, ಬಸ್ ಸ್ಟ್ಯಾಂಡಲ್ಲಿ ಹೆಣ್ಣುಮಗಳನ್ನ ಚುಡಾಯಿಸಿದ ಆರೋಪ, ಮುಖ್ಯ ಸಾಕ್ಷಿಗಳೇ ಉಲ್ಟಾ ಹೊಡೆದು ಆತ ಖುಲಾಸೆ ಆದ, ಆದ್ರೆ ಇಲಾಖಾ ವಿಚಾರಣೆಯಲ್ಲಿ ಕೆಲಸ ಹೋಗಿತ್ತು. ಖುಲಾಸೆ ಆಗಿದೀನಲ್ಲ, ಕೆಲಸ ಕೊಡಿ ಅಂದ. ಸುಪ್ರೀಂ ಕೋರ್ಟು ಕೊಡ್ಲಿಲ್ಲ. ಸಾಕ್ಷ್ಯ ಎಲ್ಲಾ ತೂಗಿ ನೋಡಿ ಪ್ರಾಸಿಕ್ಯೂಷನ್ (ಕೇಸು ನಡೆಸೋ ಸರ್ಕಾರಿ ಪಕ್ಷ) ಪೂರ್ತಿ ಸೋತಿದೆ ಅಂತ ಆದ ಖುಲಾಸೆನೇ ಬೇರೆ, ಸಾಕ್ಷಿ ಕೈಕೊಟ್ಟು ಆದ ಖುಲಾಸೆನೇ ಬೇರೆ ಅಂತು. ಕ್ರಿಮಿನಲ್ ಕೋರ್ಟಿಗೆ ಸಂಶಯಾತೀತ ಪುರಾವೆ ಬೇಕು, ಇಲಾಖೆಗೆ ಅಷ್ಟು ಬೇಡ, ತಕ್ಕಡಿ ಒಂದು ಕಡೆ ವಾಲಿದ್ರೆ ಸಾಕು.

ನನಗೆ ಈ ವಿಂಗಡಣೆ ಅಷ್ಟು ಸೇರಲ್ಲ, ಹೇಳಿಬಿಡ್ತೀನಿ. ಯಾಕಂದ್ರೆ ಎಷ್ಟೋ ತೀರ್ಪುಗಳಲ್ಲಿ 'ಸಂಶಯದ ಲಾಭ' ಅನ್ನೋದು ಪತ್ರದ ಕೊನೆಯಲ್ಲಿ 'ಇಂತಿ ನಿಮ್ಮ ವಿಶ್ವಾಸಿ' ಇದ್ದಂಗೆ, ರೂಢಿಗೆ ಬರೆದಿರ್ತಾರೆ. ಪ್ರಾಸಿಕ್ಯೂಷನ್ ಕಥೆ ಚಿಂದಿ ಆಗಿದ್ರೂ ಕೊನೇ ಪ್ಯಾರಾದಲ್ಲಿ ಅದೇ ಸಾಲು ಬರುತ್ತೆ, ಪಾಪ ಆ ಹುಡುಗ ಜೀವಮಾನ ಪೂರ್ತಿ ಆ ಸಾಲು ಹೊತ್ಕೊಂಡು ತಿರುಗ್ತಾನೆ. ಹಾಗಾಗಿ ತಮ್ಮನ ತೀರ್ಪಿನ ಕೊನೇ ಪುಟ ಒಂದನ್ನೇ ಲಗತ್ತಿಸಬೇಡಿ, ಪೂರ್ತಿ ತೀರ್ಪು ಕೊಡಿ. ಸಾಕ್ಷಿಗಳು ಏನು ಹೇಳಿದ್ರು ಅನ್ನೋ ಮಧ್ಯದ ಪುಟಗಳಲ್ಲೇ ಅವನ ಮರ್ಯಾದೆ ಇರೋದು.

ಒಮ್ಮೆ ಖುಲಾಸೆ ಆದ್ಮೇಲೆ ಮತ್ತೆ ಜೈಲಿಗೆ ಹೋಗೋ ಚಾನ್ಸ್ ಇದ್ಯಾ? - ಓದುಗರು, ತಿಪಟೂರು

ಇದೆ, ಮತ್ತೆ ಅದರ ದೊಡ್ಡ ಉದಾಹರಣೆ ನಮ್ಮ ಬೆಂಗಳೂರಲ್ಲೇ ನಡೀತು. ಜಯಲಲಿತಾ ಅಕ್ರಮ ಆಸ್ತಿ ಕೇಸು ತಮಿಳುನಾಡಲ್ಲಿ ನ್ಯಾಯವಾಗಿ ನಡೆಯಲ್ಲ ಅಂತ 2003ರಲ್ಲಿ ಸುಪ್ರೀಂ ಕೋರ್ಟು ಇಲ್ಲಿಗೆ ವರ್ಗ ಮಾಡ್ತು. 2014ರ ಸೆಪ್ಟೆಂಬರ್ 27, ಪರಪ್ಪನ ಅಗ್ರಹಾರದಲ್ಲಿ ಜಡ್ಜ್ ಜಾನ್ ಮೈಕೆಲ್ ಕುನ್ಹಾ ಅವರು ನಾಲ್ಕು ವರ್ಷ ಜೈಲು, 100 ಕೋಟಿ ದಂಡ ಅಂದ್ರು. 2015ರ ಮೇ 11ಕ್ಕೆ ನಮ್ಮ ಹೈಕೋರ್ಟು ಎಲ್ಲರನ್ನೂ ಖುಲಾಸೆ ಮಾಡ್ತು. ಹೇಗೆ ಅಂದ್ರೆ ಆದಾಯಕ್ಕಿಂತ ಹೆಚ್ಚಿನ ಆಸ್ತಿ 8.12 ಪರ್ಸೆಂಟ್ ಮಾತ್ರ, 10 ಪರ್ಸೆಂಟ್ ಒಳಗಿದ್ರೆ ಮಾಫಿ ಅನ್ನೋ ಲೆಕ್ಕ. ತೀರ್ಪು ಬಂದ ಬೆನ್ನಲ್ಲೇ ಸರ್ಕಾರದ ಪರ ವಕೀಲರಾಗಿದ್ದ ಬಿ.ವಿ. ಆಚಾರ್ಯರ ಕಣ್ಣಿಗೆ ಬಿದ್ದಿದ್ದು ಏನಪ್ಪಾ ಅಂದ್ರೆ, ತೀರ್ಪಲ್ಲಿ ಆದಾಯದ ಲೆಕ್ಕಕ್ಕೆ ಸೇರಿಸಿ ಪಟ್ಟಿ ಮಾಡಿದ್ದ ಬ್ಯಾಂಕ್ ಸಾಲಗಳನ್ನ ಕೂಡಿದ್ರೆ ಸುಮಾರು 10.67 ಕೋಟಿ ಬರುತ್ತೆ, ಕೆಳಗೆ ಟೋಟಲ್ ಬರೆದಿರೋದು 24.17 ಕೋಟಿ! ಹದಿಮೂರೂವರೆ ಕೋಟಿ ವ್ಯತ್ಯಾಸ. ಅಂಗಡಿ ಚೀಟಿಯಲ್ಲಿ ಹತ್ತು ರೂಪಾಯಿ ತಪ್ಪಿದ್ರೆ ನಾವು ವಾಪಸ್ ಹೋಗಿ ಜಗಳ ಆಡ್ತೀವಿ. ಸರಿಯಾಗಿ ಕೂಡಿದ್ರೆ ಆ 8 ಪರ್ಸೆಂಟ್ 76ಕ್ಕೆ ಏರುತ್ತೆ ಅಂತ ಅವರ ವಾದ. ಕರ್ನಾಟಕ ಸರ್ಕಾರ ಮೇಲ್ಮನವಿ ಹೋಯ್ತು, 2017ರ ಫೆಬ್ರವರಿ 14ಕ್ಕೆ ಸುಪ್ರೀಂ ಕೋರ್ಟು ಖುಲಾಸೆ ರದ್ದು ಮಾಡಿ ಕುನ್ಹಾ ಅವರ ತೀರ್ಪನ್ನೇ ಎತ್ತಿಹಿಡೀತು. ಜಯಲಲಿತಾ ಅಷ್ಟೊತ್ತಿಗೆ ತೀರಿಕೊಂಡಿದ್ರು. ಅದೇ ಕೇಸಿನ ಆರೋಪಿಗಳಾದ ಅವರ ಆಪ್ತೆ ಶಶಿಕಲಾ ಮತ್ತಿಬ್ಬರು ವಾಪಸ್ ಪರಪ್ಪನ ಅಗ್ರಹಾರಕ್ಕೆ ಬಂದ್ರು, ಖುಲಾಸೆ ಆಗಿ ಒಂದೂ ಮುಕ್ಕಾಲು ವರ್ಷ ಆದ್ಮೇಲೆ.

ಆದ್ರೆ ಗಾಬರಿ ಬೀಳಬೇಡಿ, ಇದು ಸಲೀಸಾಗಿ ಆಗೋದಲ್ಲ. 2007ರಲ್ಲಿ ಚಂದ್ರಪ್ಪ ವರ್ಸಸ್ ಕರ್ನಾಟಕ ರಾಜ್ಯ ಅನ್ನೋ ಕೇಸಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನ ಈಗ ದೇಶದ ಎಲ್ಲಾ ಕೋರ್ಟಲ್ಲೂ ವಕೀಲರು ಬಾಯಿಪಾಠ ಒಪ್ಪಿಸ್ತಾರೆ. ತಪ್ಪು ಸಾಬೀತಾಗೋವರ್ಗೂ ಮನುಷ್ಯ ನಿರಪರಾಧಿ ಅನ್ನೋದು ಮೊದಲ್ನೇ ಬೇಲಿ, ಖುಲಾಸೆ ತೀರ್ಪು ಬಂತು ಅಂದ್ರೆ ಅದರ ಮೇಲೆ ಇನ್ನೊಂದು ಬೇಲಿ. ಸಾಕ್ಷ್ಯ ನೋಡಿ ಎರಡು ಥರ ತೀರ್ಮಾನ ಮಾಡಬಹುದು ಅನ್ನೋಹಾಗಿದ್ರೆ ಮೇಲಿನ ಕೋರ್ಟು ಖುಲಾಸೆನ ಮುಟ್ಟಬಾರದು.

ಎಲ್ಲರೂ ಖುಲಾಸೆ ಆದ್ರೆ ಹಾಗಾದ್ರೆ ಕೊಲೆ ಮಾಡಿದ್ದು ಯಾರು, ದೆವ್ವಾನಾ? - ಓದುಗರು, ಚಿಂತಾಮಣಿ

ಚಿಂತಾಮಣಿಯಿಂದ ಈ ಪ್ರಶ್ನೆ ಬಂದಿದೆ ಅಂದ್ರೆ ನಿಮ್ಮ ಮನಸ್ಸಲ್ಲಿ ಏನಿದೆ ಅಂತ ನನಗೆ ಗೊತ್ತಾಯ್ತು. ನಿಮ್ಮ ತಾಲೂಕಿನದೇ ಕಂಬಾಲಪಲ್ಲಿ. 2000ದ ಮಾರ್ಚ್ 11ರ ರಾತ್ರಿ ಏಳು ಜನ ದಲಿತರನ್ನ ಮನೆಗೆ ಬೆಂಕಿ ಇಟ್ಟು ಸುಟ್ರು. ಕೋರ್ಟಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ಪ್ರತಿಕೂಲ ಆದ್ರು, 'ನಾನು ನೋಡಿಲ್ಲ, ಕತ್ತಲಿತ್ತು' ಅನ್ನೋ ಧಾಟಿ. 2006ರ ಡಿಸೆಂಬರ್‌ನಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟಲ್ಲೂ ಅದೇ ಉಳೀತು. ಏಳು ಜನ ಸತ್ತಿದ್ದು ಸುಳ್ಳು ಅಂತ ಯಾವ ಕೋರ್ಟೂ ಹೇಳ್ಲಿಲ್ಲ, ಹೇಳೋಕೂ ಆಗಲ್ಲ. ಖುಲಾಸೆ ಅನ್ನೋದು 'ಈ ಮನುಷ್ಯ ಮಾಡಿದಾನೆ ಅಂತ ಈ ಸಾಕ್ಷ್ಯದಿಂದ ಹೇಳಕ್ಕಾಗಲ್ಲ' ಅನ್ನೋ ಉತ್ತರ. 'ಹಾಗಾದ್ರೆ ಯಾರು' ಅನ್ನೋ ಪ್ರಶ್ನೆ ಆ ಕೋರ್ಟಿನ ಮುಂದೆ ಇರೋದೇ ಇಲ್ಲ, ಅದು ಪೊಲೀಸರ ಕೆಲಸ, ಅವರು ಫೈಲ್ ಕಟ್ಟಿ ಮೇಲಿಟ್ಟಿರ್ತಾರೆ. ಅದೇ ಊರಲ್ಲಿ, ಅದೇ ಬೀದಿಯಲ್ಲಿ, ಅವರ ಹೊಲದಲ್ಲೇ ಕೂಲಿಗೆ ಹೋಗಬೇಕಾದವನು ಕಟಕಟೆ ಹತ್ತಿ ಬೆರಳು ತೋರಿಸಬೇಕು ಅಂದ್ರೆ ಎಲ್ಲಿಂದ ಧೈರ್ಯ ಬರಬೇಕು ಹೇಳಿ. ಸಾಕ್ಷಿ ರಕ್ಷಣೆಗೆ ಅಂತ ಒಂದು ಸ್ಕೀಮನ್ನ ಸುಪ್ರೀಂ ಕೋರ್ಟು ಒಪ್ಪಿದ್ದೇ 2018ರ ಡಿಸೆಂಬರ್‌ನಲ್ಲಿ, ಹದಿನೆಂಟು ವರ್ಷ ತಡ.

ಸ್ಕಾಟ್ಲೆಂಡಿನಲ್ಲಿ ತಪ್ಪಿತಸ್ಥ, ತಪ್ಪಿತಸ್ಥ ಅಲ್ಲ ಅನ್ನೋದರ ಜೊತೆ 'ಸಾಬೀತಾಗಿಲ್ಲ' ಅಂತ ಮೂರನೇ ತೀರ್ಪೊಂದು ನೂರಾರು ವರ್ಷ ಇತ್ತು. ಅದು ಆರೋಪಿಗೂ ಕಳಂಕ, ನೊಂದವರಿಗೂ ಸಮಾಧಾನ ಇಲ್ಲ ಅಂತ ಜಗಳ ಆಡಿ ಆಡಿ 2025ರಲ್ಲಿ ಅವರ ಪಾರ್ಲಿಮೆಂಟು ಅದನ್ನ ತೆಗೆದುಹಾಕೋ ಕಾನೂನು ಪಾಸು ಮಾಡ್ತು. ನಮ್ಮಲ್ಲಿ ಅಂಥದ್ದು ಇರ್ಲೇ ಇಲ್ಲ, ಆದ್ರೆ ಊರ ಬಾಯಲ್ಲಿ ಮಾತ್ರ ಮೂರನೇ ತೀರ್ಪು ಯಾವಾಗ್ಲೂ ಇರುತ್ತೆ.

ನಮ್ಮಪ್ಪನ ಕೇಸು ಮುಗಿಯೋ ಹೊತ್ತಿಗೆ ಮತ್ತೆ ಬಾಂಡು, ಜಾಮೀನು ಕೊಡಿ ಅಂದ್ರಂತೆ. ಖುಲಾಸೆ ಆಗೋದಾದ್ರೆ ಬಾಂಡ್ ಯಾಕೆ, ಏನಾದ್ರೂ ಮೋಸಾನಾ? - ಓದುಗರು, ಹಿರಿಯೂರು

ಮೋಸ ಅಲ್ಲ. ಮೇಲ್ಮನವಿ ಆಗಿ ನೋಟಿಸ್ ಬಂದ್ರೆ ಮೇಲಿನ ಕೋರ್ಟಿಗೆ ಹಾಜರಾಗ್ತೀನಿ ಅನ್ನೋ ಬಾಂಡು ಅದು, ಹೊಸ ಸಂಹಿತೆಯಲ್ಲಿ ಸೆಕ್ಷನ್ 481, ಆರು ತಿಂಗಳು ಚಾಲ್ತಿ. ಜನ ಹೆದರೋದು ಸಹಜ. ನನ್ನದೇ ಒಬ್ಬ ಕಕ್ಷಿದಾರ, ಅರವತ್ತು ದಾಟಿದ ರೈತ, ಬದು ಜಗಳದ ಕೇಸು, ಎಂಟು ವರ್ಷ ಡೇಟಿಗೆ ಅಲೆದಿದ್ದ. ತೀರ್ಪಿನ ದಿನ ಜಡ್ಜು ಇಂಗ್ಲಿಷಲ್ಲಿ ಎರಡು ಸಾಲು ಓದಿ ಫೈಲ್ ಪಕ್ಕಕ್ಕಿಟ್ಟು ಮುಂದಿನ ಕೇಸು ಕರೆಸಿದ್ರು, ಈ ಮನುಷ್ಯ ಕಟಕಟೆಯಲ್ಲೇ ಟವೆಲ್ ಹಿಡ್ಕೊಂಡು ನಿಂತೇ ಇದಾನೆ. ಬೆಂಚ್ ಕ್ಲರ್ಕು 'ಇಳೀರಿ, ಮುಗೀತು' ಅಂದ್ರು. ಮುಗೀತು ಅಂದ ತಕ್ಷಣ ಅವನ ಕಣ್ಣಲ್ಲಿ ನೀರು, ಜೈಲಾಯ್ತು ಅಂತ ತಿಳ್ಕೊಂಡಿದಾನೆ! ಹೊರಗೆ ಕರ್ಕೊಂಡ್ಬಂದು 'ಖುಲಾಸೆ ಕಣಯ್ಯ' ಅಂದ್ರೆ, 'ಹಂಗಾರೆ ಆವತ್ತು ಬಾಂಡಿಗೆ ಹೆಬ್ಬೆಟ್ಟು ಯಾಕೆ ಒತ್ತಿಸ್ಕೊಂಡ್ರಿ' ಅಂತ ನನ್ನ ಮೇಲೇ ಅನುಮಾನ.

ತಪ್ಪೇ ಮಾಡದೆ ಐದು ವರ್ಷ ಒಳಗಿದ್ದವನಿಗೆ ಖುಲಾಸೆ ಆದ್ಮೇಲೆ ಪರಿಹಾರ ಸಿಗಲ್ವಾ? - ಓದುಗರು, ಹೊಸಪೇಟೆ

ತಾನಾಗೇ ಸಿಗೋಂಥ ಪರಿಹಾರ ಇಲ್ಲ, ಇದು ನಮ್ಮ ಕಾನೂನಿನ ದೊಡ್ಡ ತೂತು. ಕಾರಣವಿಲ್ಲದೆ ಪೊಲೀಸರಿಂದ ಅರೆಸ್ಟ್ ಮಾಡಿಸಿದವನಿಂದ ಮ್ಯಾಜಿಸ್ಟ್ರೇಟ್ ಕೊಡಿಸಬಹುದಾದ ಪರಿಹಾರ ಒಂದಿದೆ, ಎಷ್ಟು ಅಂತೀರಿ, ಸಾವಿರ ರೂಪಾಯಿವರೆಗೆ. ಬೇಕಂತಲೇ ಸುಳ್ಳು ಕೇಸು ಹಾಕಿದವರ ಮೇಲೆ ಸಿವಿಲ್ ದಾವೆ ಹೂಡಬಹುದು, ಖುಲಾಸೆ ಆದ ಒಂದು ವರ್ಷದೊಳಗೆ, ಆದ್ರೆ ದುರುದ್ದೇಶ ಇತ್ತು ಅಂತ ಸಾಬೀತು ಮಾಡೋ ಭಾರ ನಿಮ್ಮ ತಲೆ ಮೇಲೆ. ಕಾನೂನು ಆಯೋಗ 2018ರ ತನ್ನ 277ನೇ ವರದಿಯಲ್ಲಿ ಇದಕ್ಕೇ ಒಂದು ವ್ಯವಸ್ಥೆ ಮಾಡಿ ಅಂತ ಹೇಳಿತ್ತು, ಹೇಳಿದ್ದು ಹೇಳಿದಂಗೇ ಇದೆ. ಇನ್ನು ಉಳಿದಿರೋದು ರಿಟ್, ಅಂದ್ರೆ ಹಕ್ಕಿಗೆ ಧಕ್ಕೆ ಆಯ್ತು ಅಂತ ನೇರವಾಗಿ ಹೈಕೋರ್ಟು, ಸುಪ್ರೀಂ ಕೋರ್ಟಿಗೆ ಹಾಕೋ ಅರ್ಜಿ. ಬಿಹಾರದ ರುದುಲ್ ಸಾಹ ಅನ್ನೋವ್ರು 1968ರಲ್ಲಿ ಖುಲಾಸೆ ಆದ್ರು, ಹೊರಗೆ ಬಂದಿದ್ದು 1982ರಲ್ಲಿ! ಖುಲಾಸೆ ಆದ್ಮೇಲೆ 14 ವರ್ಷ ಜೈಲಲ್ಲಿ. ಸುಪ್ರೀಂ ಕೋರ್ಟು 1983ರಲ್ಲಿ ಕೊಡಿಸಿದ್ದು 30 ಸಾವಿರ, ಸರ್ಕಾರ ಮೊದಲೇ ಕೊಟ್ಟಿದ್ದ 5 ಸಾವಿರ ಬಿಟ್ಟು. ಗೂಢಚಾರಿಕೆ ಕೇಸಲ್ಲಿ ಸಿಕ್ಕಿಸಿದ್ದ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 2018ರಲ್ಲಿ 50 ಲಕ್ಷ ಸಿಕ್ತಲ್ಲ ಅಂತ ಕೇಳಬಹುದು, ಅವರದ್ದು ಖುಲಾಸೆ ಅಲ್ಲವೇ ಅಲ್ಲ, ಸಿಬಿಐನೇ 1996ರಲ್ಲಿ ಕೇಸು ಸುಳ್ಳು ಅಂತ ವರದಿ ಕೊಟ್ಟು ವಿಚಾರಣೆಗೆ ಮುಂಚೇನೇ ಬಿಡುಗಡೆ ಆಗಿದ್ದು. ಅಲ್ಲಿಂದ ಆ 50 ಲಕ್ಷಕ್ಕೆ 22 ವರ್ಷ.

ಗೂಗಲ್‌ನಲ್ಲಿ ಹೆಸರು ಹೊಡೆದ್ರೆ ಅರೆಸ್ಟ್ ಆದ ಸುದ್ದಿ ಬರುತ್ತೆ, ಖುಲಾಸೆ ಆದ ಸುದ್ದಿ ಬರಲ್ಲ. - ಹೆಸರು ಬೇಡ, ಬೆಂಗಳೂರು

ಅರೆಸ್ಟು ಮುಖಪುಟ, ಖುಲಾಸೆ ಏಳನೇ ಪುಟದ ಮೂಲೆ, ಅದು ಪೇಪರಿನವರ ಹಳೇ ಚಾಳಿ. 2021ರಲ್ಲಿ ದೆಹಲಿ ಹೈಕೋರ್ಟು ಮಾದಕವಸ್ತು ಕೇಸಲ್ಲಿ ಖುಲಾಸೆ ಆಗಿದ್ದ ಅಮೆರಿಕದ ಪ್ರಜೆಯೊಬ್ಬರ ತೀರ್ಪನ್ನ ಸರ್ಚ್‌ನಲ್ಲಿ ಬರದಂಗೆ ಮಾಡಿ ಅಂತ ಮಧ್ಯಂತರ ಆದೇಶ ಕೊಟ್ಟಿತ್ತು. ನಮ್ಮ ಹೈಕೋರ್ಟು 2017ರಲ್ಲೇ ಒಬ್ಬ ಹೆಣ್ಣುಮಗಳ ಹೆಸರು ಮರೆಮಾಚೋಕೆ ಹೇಳಿದೆ, ಅದು ಖುಲಾಸೆ ಕೇಸಲ್ಲ ಆದ್ರೂ ವಾದಕ್ಕೆ ಬರುತ್ತೆ. ಕೋರ್ಟಿಗೆ ಹೋಗೋ ಮೊದಲು ಆ ಪೇಪರಿನ ಸಂಪಾದಕರಿಗೆ ತೀರ್ಪಿನ ನಕಲು ಹಾಕಿ ಒಂದು ಪತ್ರ ಬರೀರಿ, ಹಳೇ ಸುದ್ದಿಯ ಕೆಳಗೆ ಒಂದು ಸಾಲು ಸೇರಿಸೋಕೆ ಒಪ್ಪೋರೂ ಇದಾರೆ.

ನನ್ನ ಹೆಂಡತಿ ಕೋರ್ಟಲ್ಲಿ ನನಗೆ ಖುಲಾಸೆ ಯಾವಾಗ? - ಓದುಗರು, ಮಂಡ್ಯ

ಅಲ್ಲಿ ಜಾಮೀನು ಮಾತ್ರ, ಅದೂ ಷರತ್ತುಬದ್ಧ.

ಖುಲಾಸೆ ಆದ ದಿನ ಮರೀದೆ ಮಾಡಬೇಕಾದ್ದು ಏನು? - ಓದುಗರು, ದಾವಣಗೆರೆ

ದೇವಸ್ಥಾನಕ್ಕೆ ಹೋಗೋ ಮುಂಚೆ ನಕಲು ಶಾಖೆಗೆ ಹೋಗಿ. ತೀರ್ಪಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿ, ಒಂದಲ್ಲ ಮೂರು ಕಾಪಿ ತಗೊಳ್ಳಿ. ಇ-ಕೋರ್ಟ್ಸ್ ವೆಬ್‌ಸೈಟಲ್ಲಿ ಪ್ರತಿ ಕೇಸಿಗೂ ಬೇರೆ ಬೇರೆ ಇರೋ 16 ಅಕ್ಷರದ ಸಿಎನ್‌ಆರ್ ನಂಬರ್ ಹಾಕಿದ್ರೆ ತೀರ್ಪು ಫೋನಿಗೇ ಬರುತ್ತೆ ನಿಜ, ಆದ್ರೆ ಕಚೇರಿಗಳಲ್ಲಿ ಸೀಲು ಇರೋ ಕಾಗದ ಕೇಳೋದೇ ಜಾಸ್ತಿ. ಮೇಲೆ ಹೇಳಿದ ಬದು ಜಗಳದ ರೈತ ಇದಾನಲ್ಲ, ಅವನು ತನ್ನ ಕಾಪಿಯನ್ನ ಲ್ಯಾಮಿನೇಷನ್ ಮಾಡಿಸಿಬಿಟ್ಟಿದ್ದ, ಅಷ್ಟೂ ಪುಟ, ಒಂದೊಂದಾಗಿ. ಲ್ಯಾಮಿನೇಷನ್ ಮಾಡಿಸಬೇಡಿ, ಜೆರಾಕ್ಸ್ ತೆಗೆಯೋವಾಗ ಹೊಳೆಯುತ್ತೆ, ಸೀಲೇ ಕಾಣಲ್ಲ.